ಬೆಂಡು

ಬೈತಖೋಲದ ಐಸ್ ಫ್ಯಾಕ್ಟರಿಯ ಹಿಂದುಗಡೆ
ಹರಿದ ಬಲೆಗಳ ಗುಡ್ಡೆ ಸರಿಸಿ
ಹದಿನೆಂಟು ಅಡಿ ಜಾಗ ಮಾಡಿಕೊಂಡಿದ್ದೇನೆ.
ಜಂತಿಗೆ ಇಳಿಬಿಟ್ಟ ಹಳದಿ ಬೆಂಡು,
ಬಲೆ ತೇಲಿಸಿ ತೇಲಿಸಿ ಉಪ್ಪು ಕುಡಿದದ್ದು,
ನಮ್ಮ ಎದುರಾಳಿ.
ಒದ್ದರೆ ಹೋಗುತ್ತದೆ, ಬರುತ್ತದೆ,
ಬರುವಾಗ ನೋಡಿಕೊಳ್ಳಬೇಕು.

ಹಾನಾ, ದುಲ್, ಸೆತ್, ನೆತ್,
ಖಾರ್ವಿ ಕೇರಿಯ ಬಾಯಲ್ಲಿ ಕೊರಿಯಾದ ಎಣಿಕೆ
ಬಂಗಡೆ ಬುಟ್ಟಿ ಎಣಿಸಿದ ಹಾಗೆಯೇ ಕೇಳುತ್ತದೆ.
ಐದಾದ ಮೇಲೆ ಚಿಕ್ಕವರು ಕೊಂಕಣಿಗೆ ಜಾರುತ್ತಾರೆ.
ತಡೆಯುವುದಿಲ್ಲ ನಾನು. ಕಾಲು ಮೇಲೆ ಹೋದರೆ ಸಾಕು.

ಸುದ್ದಿ ಬಂದದ್ದು ಮಂಗಳವಾರ
ಶೇವಂತಿ ತಾಂಡೇಲಳ ಮೊಬೈಲಿಗೆ:
'ಅಕ್ಕೋರೆ, ಒಲಿಂಪಿಕ್ಸಿಂದ ತೆಗೀತ್ರಂತೆ, ಖರೆನಾ?'
ಯಾರೋ ಹೇಳಿದ್ದನ್ನು ಇನ್ಯಾರೋ ಹೇಳಿದ್ದು.
ಈ ಸಲ ಅಲ್ಲ, ಮುಂದಿನದಕ್ಕೂ ಅಲ್ಲ,
ಅದರ ಮುಂದಿನದಕ್ಕಂತೆ. ನೋಡುವವರಿಗೆ ಬೇಜಾರಂತೆ,
ಒಂಟಿಕಾಲಲ್ಲಿ ಕುಂಟಿ ಕುಂಟಿ
ಕೋಳಿ ಕೆದರಿದ ಹಾಗಂತೆ.
ಬೆರಳು ಮಡಿಸಿ ಎಣಿಸಿದಳು:
'ಅಷ್ಟೊತ್ತಿಗೆ ನಂಗೆ ಇಪ್ಪತ್ತಮೂರು.'

ನಮಗೆ ಪತ್ರ ಬರೆಯುವ ಸಂಘಗಳು ಎರಡು.
ಇವರು ಕೊಟ್ಟ ಕಪ್ಪು ಪಟ್ಟಿ ಅವರ ಕಣ್ಣಿಗೆ ಬಿಳಿ,
ಅವರ ಸರ್ಟಿಫಿಕೇಟು ಇವರಿಗೆ ಮೀನು ಸುತ್ತುವ ಕಾಗದ.
ಫೀ ಮಾತ್ರ ಇಬ್ಬರಿಗೂ ಕಟ್ಟಬೇಕು.

ಹುಬ್ಬಳ್ಳಿಯ ಆಯ್ಕೆಯಲ್ಲಿ ಹೋದ ವರ್ಷ
ಶೇವಂತಿ ತಿರುಗಿ ಒದ್ದ ಸದ್ದಿಗೆ
ತಗಡಿನಡಿಯ ಪಾರಿವಾಳ ಎದ್ದು ಹಾರಿದವು.
ಎದೆಕವಚ ಮಾತ್ರ ಮಾತಾಡಲಿಲ್ಲ.
ಬಾಡಿಗೆ ಕಾಲುಚೀಲ; ಒಳಗಿನ ಅಯಸ್ಕಾಂತ
ಸತ್ತಿತ್ತೋ, ಯಾರದೋ ಬೆವರು ಕುಡಿದು ಮಲಗಿತ್ತೋ.
ಆ ಕಡೆಯ ಹುಡುಗಿ ಪಾದದ ಅಂಚಿನಲ್ಲಿ
ಹೀಗೆ, ನೊಣ ಓಡಿಸಿದ ಹಾಗೆ ಸವರಿದ್ದಕ್ಕೆ
ಹಲಗೆಯ ಮೇಲೆ ಎರಡು.
ಬಸ್ಸಿನಲ್ಲಿ ಅರಬೈಲ್ ಘಟ್ಟದವರೆಗೂ ಅಳಲಿಲ್ಲ ಅವಳು.
ಇಳಿಜಾರಿನಲ್ಲಿ ವಾಂತಿ ಮಾಡಿಕೊಂಡಳು,
ಅದನ್ನೇ ಅಳು ಎಂದು ಹಿಡಿದೆ.

ಡಾಂಬರಿನ ಹಡಗು ಬಂದಿತ್ತು ಒಮ್ಮೆ ಬಂದರಕ್ಕೆ.
ಅದರ ಅಡುಗೆಯವ ಐಸು ಕೇಳಿಕೊಂಡು ಬಂದ,
ಕೊರಿಯಾದವನು. ಬೆಂಡು ನೋಡಿ ನಕ್ಕ.
ನನ್ನ ಪಟ್ಟಿಯ ಬಂಗಾರದ ಕಸೂತಿಯ ಮೇಲೆ
ಬೆರಳಾಡಿಸಿ ಓದಿದ.
ಭಾಗೀರಥಿ ಬಾನಾವಳಿ ಎಂದು ತಿಳಿದು
ಹನ್ನೊಂದು ವರ್ಷ ಸೊಂಟಕ್ಕೆ ಕಟ್ಟಿದ್ದು
ಯಾವುದೋ ಹೊಲಿಗೆ ಅಂಗಡಿಯ ಹೆಸರು.

ಅವನ ಊರಲ್ಲಿ, ಕೈಸನ್ನೆಯಲ್ಲಿ ಹೇಳಿದ,
ಅಮ್ಮಂದಿರು ಕೆಲಸದಿಂದ ಬರುವ ತನಕ
ಮಕ್ಕಳನ್ನು ತಂದು ಬಿಡುವ ಜಾಗ ಇದು.
ಅವನನ್ನೂ ಬಿಟ್ಟಿದ್ದರು.
ಅವನ ಅಮ್ಮ ತಡವಾಗಿ ಬರುತ್ತಿದ್ದಳು, ಯಾವಾಗಲೂ.
ಹಾಗೆನ್ನುತ್ತ ಗಮ್‌ಬೂಟಿನಲ್ಲೇ ನಿಂತು
ಮೊದಲ ಪೂಮ್ಸೆ ಮಾಡಿದ,
ನಿಧಾನ, ಮೀನಿನ ಮುಳ್ಳು ಬಿಡಿಸುವವನ ಹಾಗೆ.
ಕೊನೆಯ ಕೂಗಿಗೆ ಯಂತ್ರದ ಮನೆಯ ಬಸ್ತ್ಯಾಂವ
ಹೆದರಿ ಸ್ವಿಚ್ಚು ಆರಿಸಿದ.
ಹೊರಟ ಜಾಗಕ್ಕೇ ಬಂದು ನಿಂತವನು ಬಾಗಿದ.
ಎದುರಿಗೆ ಬೆಂಡಿತ್ತು, ಅಷ್ಟೆ.
ಆ ಐಸಿಗೆ ನಾನು ರಸೀದಿ ಬರೆಯಲಿಲ್ಲ.

ಇದೆಲ್ಲ ಶೇವಂತಿಗೆ ಉತ್ತರವಾಗುವುದಿಲ್ಲ.
ಅವಳಿಗೆ ಬೇಕು ಒಂದು ಪದಕ,
ಪೊಲೀಸ್ ಭರ್ತಿಯಲ್ಲಿ ಕ್ರೀಡಾ ಕೋಟಾ,
ಆಮೇಲೆ ಅಪ್ಪನ ಬೋಟಿಗೆ ಹೊಸ ಇಂಜಿನ್ನು.
'ಗೊತ್ತಿಲ್ಲ ಮಗಾ' ಅಂದೆ.

ಮೊಬೈಲನ್ನು ಬಲೆಯ ಗುಡ್ಡೆಗೆ ಎಸೆದು
ಸ್ಟೂಲು ಹತ್ತಿ
ಬೆಂಡಿನ ಹಗ್ಗ ಒಂದು ಗೇಣು ಮೇಲಕ್ಕೆ ಕಟ್ಟಿದಳು.
ಮೊದಲ ಸಲ ತಾಗಲಿಲ್ಲ.
ಎರಡನೆಯ ಸಲವೂ.
ಬೋಟು ಹೊರಡುವ ಹೊತ್ತು, ಹೊರಗೆ
ಐಸಿಗಾಗಿ ಕೂಗುತ್ತಿದ್ದರು. ರಸೀದಿ ಪುಸ್ತಕ ಹುಡುಕುತ್ತ
ಬಾಗಿಲ ತನಕ ಹೋಗಿದ್ದೆ,
ಬೆನ್ನ ಹಿಂದೆ ಸದ್ದಾಯಿತು.
ತಿರುಗಲಿಲ್ಲ.
ಬರುವಾಗ ಅವಳೇ ನೋಡಿಕೊಳ್ಳಬೇಕು.